ಕ್ವಾಂಟಂ ಟೆಲಿಪೋರ್ಟೇಶನ್‌ನ ಪ್ರಾಯೋಗಿಕ ತದ್ರೂಪತೆ

ಒಂದು ಕಣದ ಕ್ವಾಂಟಂ ಸ್ಥಿತಿಯನ್ನು ಮತ್ತೊಂದು ಕಣದ ಮೇಲೆ ಮರುರೂಪಿಸುವ ಪ್ರಯೋಗದಲ್ಲಿ, ಕೊನೆಗೆ ದೊರೆತ ಸ್ಥಿತಿಯು ಮೂಲ ಸ್ಥಿತಿಯನ್ನು ಎಷ್ಟರಮಟ್ಟಿಗೆ ಹೋಲುತ್ತದೆ ಎಂಬುದರ ಅಳತೆಗೆ ಕ್ವಾಂಟಂ ಟೆಲಿಪೋರ್ಟೇಶನ್‌ನ ಪ್ರಾಯೋಗಿಕ ತದ್ರೂಪತೆ ಎನ್ನುತ್ತಾರೆ. ಫಿಡೆಲಿಟಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಅಳತೆಯನ್ನು 0ರಿಂದ 1ರವರೆಗಿನ ಸಂಖ್ಯೆಯಾಗಿ, ಕೆಲವೊಮ್ಮೆ ಶೇಕಡಾವಾರಾಗಿ ಕೊಡುತ್ತಾರೆ. 1 ಎಂದರೆ ಎರಡೂ ಸ್ಥಿತಿಗಳು ಒಂದೇ. 0 ಎಂದರೆ ಎರಡನ್ನೂ ಒಂದೇ ಅಳತೆಯಲ್ಲಿ ಖಚಿತವಾಗಿ ಬೇರ್ಪಡಿಸಬಹುದು. ಈ ಸಂಖ್ಯೆಯನ್ನು ಒಂಟಿಯಾಗಿ ಓದಿದರೆ ತಿಳಿಯುವುದು ಕಡಿಮೆ. ಯಾವ ಮಿತಿಗೆ ಹೋಲಿಸಿ ಹೇಳಿದ್ದು, ನಡೆದ ಯತ್ನಗಳಲ್ಲಿ ಯಾವುವನ್ನು ಲೆಕ್ಕಕ್ಕೆ ಹಿಡಿದದ್ದು ಎಂಬ ಎರಡು ವಿವರಗಳು ಅದರ ಜೊತೆಗಿರಬೇಕು.

ಹಿನ್ನೆಲೆ

ಅಪರಿಚಿತ ಕ್ವಾಂಟಂ ಸ್ಥಿತಿಯೊಂದರ ಪ್ರತಿ ತೆಗೆಯಲು ಸಾಧ್ಯವಿಲ್ಲವೆಂದು 1982ರಲ್ಲಿ ವಿಲಿಯಂ ವೂಟರ್ಸ್ ಮತ್ತು ವೊಯ್‌ಚೆಕ್ ಜುರೆಕ್ ಹಾಗೂ ಅವರಿಂದ ಸ್ವತಂತ್ರವಾಗಿ ಡೆನಿಸ್ ಡೀಕ್ಸ್ ತೋರಿಸಿದರು. ಅಳೆದು ತಿಳಿಯುವ ದಾರಿಯೂ ಮುಚ್ಚಿದೆ: ಒಂದೇ ಒಂದು ಕಣವನ್ನು ಅಳೆದರೆ ಅದರ ಸ್ಥಿತಿಯ ಅಲ್ಪ ಭಾಗ ಮಾತ್ರ ತಿಳಿಯುತ್ತದೆ, ಉಳಿದದ್ದು ಅಳತೆಯಲ್ಲೇ ಅಳಿಸಿಹೋಗುತ್ತದೆ. 1993ರಲ್ಲಿ ಚಾರ್ಲ್ಸ್ ಬೆನೆಟ್, ಜೀಲ್ ಬ್ರಸಾರ್, ಕ್ಲಾಡ್ ಕ್ರೆಪೋ, ರಿಚರ್ಡ್ ಜೋಸಾ, ಆಶರ್ ಪೆರೆಸ್ ಮತ್ತು ವೂಟರ್ಸ್ ಈ ಎರಡೂ ತಡೆಗಳನ್ನು ಮುರಿಯದೆ ಸ್ಥಿತಿಯನ್ನು ಸಾಗಿಸುವ ವಿಧಾನವನ್ನು ಫಿಸಿಕಲ್ ರಿವ್ಯೂ ಲೆಟರ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕ್ವಾಂಟಂ ಟೆಲಿಪೋರ್ಟೇಶನ್ ಎಂಬ ಹೆಸರು ಆ ಪ್ರಬಂಧದಿಂದಲೇ ಬಂದದ್ದು.

ವಿಧಾನ

ಕಳುಹಿಸುವವರನ್ನು ಆಲಿಸ್, ಪಡೆಯುವವರನ್ನು ಬಾಬ್ ಎಂದು ಕರೆಯುವುದು ಈ ಕ್ಷೇತ್ರದ ವಾಡಿಕೆ. ಪರಸ್ಪರ ಹೆಣೆದುಕೊಂಡ, ಅಂದರೆ ಒಂದರ ಸ್ಥಿತಿಯನ್ನು ಮತ್ತೊಂದರಿಂದ ಬಿಡಿಸಿ ಹೇಳಲಾಗದ, ಎರಡು ಕಣಗಳನ್ನು ಮೊದಲೇ ಇಬ್ಬರಿಗೂ ಹಂಚಿರುತ್ತಾರೆ. ಸಾಗಿಸಬೇಕಾದ ಕಣವನ್ನೂ ತನ್ನ ಪಾಲಿನ ಹೆಣೆದ ಕಣವನ್ನೂ ಆಲಿಸ್ ಒಟ್ಟಿಗೆ ಅಳೆಯುತ್ತಾಳೆ. ಬೆಲ್ ಮಾಪನ ಎನಿಸಿಕೊಂಡ ಈ ಅಳತೆಗೆ ನಾಲ್ಕು ಫಲಿತಾಂಶಗಳು ಸಾಧ್ಯ. ಯಾವುದು ಬಂತೆಂಬುದನ್ನು ಅವಳು ಎರಡು ಬಿಟ್‌ಗಳ ಸಾಮಾನ್ಯ ಸಂದೇಶವಾಗಿ ಬಾಬ್‌ಗೆ ತಿಳಿಸುತ್ತಾಳೆ. ಅವನು ತನ್ನ ಕಣದ ಮೇಲೆ ಅದಕ್ಕೆ ತಕ್ಕ ತಿದ್ದುಪಡಿ ಮಾಡಿದರೆ ಮೂಲ ಸ್ಥಿತಿ ಅಲ್ಲಿ ಮೂಡುತ್ತದೆ. ಆಲಿಸ್‌ಳ ಬಳಿಯಿದ್ದ ಮೂಲ ಅಳತೆಯೊಂದಿಗೆ ನಾಶವಾಗುವುದರಿಂದ ಪ್ರತಿ ತೆಗೆದಂತೆ ಆಗುವುದಿಲ್ಲ. ಎರಡು ಬಿಟ್‌ಗಳು ಬೆಳಕಿಗಿಂತ ವೇಗವಾಗಿ ಹೋಗಲಾರವು. ಆದ್ದರಿಂದ ಇಡೀ ಪ್ರಕ್ರಿಯೆಯೂ ಹೋಗಲಾರದು. ಇಲ್ಲಿ ಸಾಗುವುದು ವಸ್ತುವಲ್ಲ, ಸ್ಥಿತಿ.

ತತ್ತ್ವದಲ್ಲಿ ತದ್ರೂಪತೆ 1. ಪ್ರಯೋಗದಲ್ಲಿ ಹಂಚಿದ ಹೆಣಿಕೆ, ಬೆಲ್ ಮಾಪನ, ತಿದ್ದುಪಡಿ ಇವು ಮೂರೂ ತಮ್ಮ ಪಾಲಿನಷ್ಟು ಅದನ್ನು ಕೆಳಗಿಳಿಸುತ್ತವೆ.

ಅಳೆಯುವ ಕ್ರಮ

ಆಗಮಿಸಿದ ಒಂದು ಕಣವನ್ನು ನೋಡಿ ತದ್ರೂಪತೆಯನ್ನು ಹೇಳಲಾಗದು. ಗೊತ್ತಿರುವ ಸ್ಥಿತಿಯೊಂದನ್ನು ಸಾವಿರಾರು ಬಾರಿ ಕಳುಹಿಸಿ, ಬಂದ ಕಣಗಳನ್ನು ಅದೇ ಸ್ಥಿತಿಗಾಗಿ ಪರೀಕ್ಷಿಸಿದಾಗ ಎಷ್ಟು ಪಾಲು ಹೌದು ಎಂಬ ಉತ್ತರ ಬಂತೋ ಅದೇ ಆ ಸ್ಥಿತಿಯ ತದ್ರೂಪತೆ. ಒಂದೇ ಸ್ಥಿತಿಯನ್ನು ಪರೀಕ್ಷಿಸಿದರೆ ಸಾಲದು, ಏಕೆಂದರೆ ಕೆಲವು ದೋಷಗಳು ಕೆಲವು ಸ್ಥಿತಿಗಳನ್ನು ಮುಟ್ಟುವುದೇ ಇಲ್ಲ. ಫೋಟಾನ್‌ನ ಧ್ರುವೀಕರಣವಾದರೆ ಅಡ್ಡ, ಲಂಬ, ಎರಡು ಓರೆ, ಎಡ ಮತ್ತು ಬಲ ವೃತ್ತೀಯ ಎಂಬ ಆರು ಸ್ಥಿತಿಗಳ ಸರಾಸರಿಯನ್ನು ತೆಗೆದುಕೊಳ್ಳುವುದು ಸಾಮಾನ್ಯ ಕ್ರಮ.

ವರದಿಗಳಲ್ಲಿ ಎರಡು ಬಗೆಯ ಸಂಖ್ಯೆಗಳು ಕಾಣುತ್ತವೆ: ಬಂದ ಸ್ಥಿತಿಗಳ ಸರಾಸರಿ ತದ್ರೂಪತೆ, ಮತ್ತು ಇಡೀ ಕ್ರಿಯೆಯನ್ನು ಆದರ್ಶ ಕ್ರಿಯೆಗೆ ಹೋಲಿಸುವ ಪ್ರಕ್ರಿಯಾ ತದ್ರೂಪತೆ. ಒಂದು ಕ್ಯೂಬಿಟ್‌ನ, ಅಂದರೆ ಎರಡು ಮಟ್ಟಗಳ ಕ್ವಾಂಟಂ ವ್ಯವಸ್ಥೆಯ, ಮಟ್ಟಿಗೆ ಪ್ರಕ್ರಿಯಾ ತದ್ರೂಪತೆಯ ಎರಡರಷ್ಟಕ್ಕೆ 1 ಕೂಡಿಸಿ 3ರಿಂದ ಭಾಗಿಸಿದರೆ ಸರಾಸರಿ ತದ್ರೂಪತೆ ಸಿಗುತ್ತದೆ. ಹೀಗಾಗಿ 0.70ರ ಪ್ರಕ್ರಿಯಾ ತದ್ರೂಪತೆಯೂ 0.80ರ ಸರಾಸರಿ ತದ್ರೂಪತೆಯೂ ಒಂದೇ ಸಾಧನೆಯ ಎರಡು ಹೆಸರುಗಳು. ಎರಡನ್ನು ಬೆರೆಸಿದ ಹೋಲಿಕೆಗಳು ಜನಪ್ರಿಯ ಬರಹಗಳಲ್ಲಿ ಅಪರೂಪವೇನಲ್ಲ.

ಮಿತಿಗಳು

ಹೆಣಿಕೆಯ ನೆರವೇ ಇಲ್ಲದೆ, ಆಲಿಸ್ ಅಳೆದು ಫಲಿತಾಂಶವನ್ನು ಹೇಳಿ ಬಾಬ್ ಅದರಂತೆ ಹೊಸ ಕಣವನ್ನು ತಯಾರಿಸಿದರೂ ಒಂದಿಷ್ಟು ಹೋಲಿಕೆ ಬಂದೇ ಬರುತ್ತದೆ. ಏನೂ ಅಳೆಯದೆ ಮನಬಂದಂತೆ ಊಹಿಸಿದರೂ ಸರಾಸರಿ 0.5. ಅಳೆದು ತಯಾರಿಸುವುದರಲ್ಲಿ ಅತ್ಯುತ್ತಮ ತಂತ್ರ ತಲಪಬಲ್ಲದ್ದು 2/3, ಅಂದರೆ ಸುಮಾರು 0.667 ಎಂದು 1995ರಲ್ಲಿ ಸರ್ಜ್ ಮಸ್ಸಾರ್ ಮತ್ತು ಸಾಂಡು ಪೊಪೆಸ್ಕು ಅವರ ಕೆಲಸದಿಂದ ಸ್ಥಿರವಾಯಿತು. ಇದು ಕ್ಯೂಬಿಟ್‌ನ ಅಭಿಜಾತ ಮಿತಿ. ಕ್ಯೂಬಿಟ್ ಪ್ರಯೋಗವೊಂದು ಟೆಲಿಪೋರ್ಟೇಶನ್ ಎನಿಸಿಕೊಳ್ಳಲು ಇದನ್ನು ದಾಟಲೇಬೇಕು. ಮಟ್ಟಗಳ ಸಂಖ್ಯೆ ಹೆಚ್ಚಿದಂತೆ ಮಿತಿ ಇಳಿಯುತ್ತದೆ: ಮೂರು ಮಟ್ಟದ ಕ್ಯೂಟ್ರಿಟ್‌ಗೆ 1/2, ನಾಲ್ಕು ಮಟ್ಟಕ್ಕೆ 2/5.

ಇದಕ್ಕಿಂತ ಎತ್ತರದಲ್ಲಿ ಇನ್ನೆರಡು ಗೆರೆಗಳಿವೆ. ನಿಖರವಾದ ಪ್ರತಿ ಅಸಾಧ್ಯವಾದರೂ ಅಪೂರ್ಣ ಪ್ರತಿ ಸಾಧ್ಯ. ಒಂದು ಕ್ಯೂಬಿಟ್‌ನಿಂದ ಎರಡು ಸಮಾನ ಪ್ರತಿಗಳನ್ನು ತೆಗೆಯುವ ಅತ್ಯುತ್ತಮ ಯಂತ್ರದ ತದ್ರೂಪತೆ 5/6, ಸುಮಾರು 0.833. ಈ ಯಂತ್ರವನ್ನು ವ್ಲಾದಿಮಿರ್ ಬುಜೆಕ್ ಮತ್ತು ಮಾರ್ಕ್ ಹಿಲರಿ 1996ರಲ್ಲಿ ವಿವರಿಸಿದರು. ಬಾಬ್‌ಗೆ ಬಂದದ್ದು 5/6ನ್ನು ದಾಟಿದ್ದರೆ ಬೇರೆ ಯಾರ ಬಳಿಯೂ ಅಷ್ಟೇ ಒಳ್ಳೆಯ ಪ್ರತಿ ಇರಲಾರದು. ಮತ್ತೊಂದು ಗೆರೆ ಸುಮಾರು 0.854. ಹಂಚಿದ ಹೆಣಿಕೆಯಲ್ಲಿ ಎಲ್ಲ ದಿಕ್ಕಿಗೂ ಸಮನಾದ ಗದ್ದಲ ಮಾತ್ರ ಇದೆ ಎಂದುಕೊಂಡರೆ, ಆ ಹೆಣಿಕೆ ಬೆಲ್ ಅಸಮಾನತೆಯನ್ನೂ, ಅಂದರೆ ಅಭಿಜಾತ ವಿವರಣೆಗೆ ಒಳಪಡುವ ಸಂಬಂಧಗಳ ಮಿತಿಯನ್ನೂ, ಉಲ್ಲಂಘಿಸುವಷ್ಟು ಬಲವಾಗಿದ್ದಾಗ ಸಿಗುವ ಮೌಲ್ಯವಿದು.

ಬೆಳಕಿನ ಅಲೆಯ ಕಂಪನವಿಸ್ತಾರದಂಥ ನಿರಂತರ ರಾಶಿಗಳನ್ನು ಸಾಗಿಸುವಾಗ ಲೆಕ್ಕ ಬೇರೆ. ಲೇಸರ್ ಬೆಳಕಿನ ಸಂಗತ ಸ್ಥಿತಿಗಳಿಗೆ ಅಭಿಜಾತ ಮಿತಿ 1/2. ಪ್ರತಿಯ ಮಿತಿ 2/3. ಆದಕಾರಣ 0.60 ಎಂಬ ಒಂದೇ ಸಂಖ್ಯೆ ಕ್ಯೂಬಿಟ್ ಪ್ರಯೋಗದಲ್ಲಿ ಸೋಲು, ಸಂಗತ ಸ್ಥಿತಿಯ ಪ್ರಯೋಗದಲ್ಲಿ ಗೆಲುವು.

ಮೊದಲ ಪ್ರಯೋಗಗಳು ಮತ್ತು ಲೆಕ್ಕದ ವಿವಾದ

ಡಿಕ್ ಬೌಮೀಸ್ಟರ್, ಜಿಯಾನ್-ವೇ ಪಾನ್, ಆಂಟನ್ ಝೈಲಿಂಗರ್ ಮತ್ತು ಸಂಗಡಿಗರು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ನಡೆಸಿದ ಪ್ರಯೋಗ 1997ರ ಡಿಸೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅತಿನೇರಳೆ ಲೇಸರ್ ಸ್ಪಂದನವೊಂದು ಅರೇಖೀಯ ಹರಳಿನ ಮೂಲಕ ಹಾದು ಹೆಣೆದ ಫೋಟಾನ್ ಜೋಡಿಯನ್ನು ಹುಟ್ಟಿಸುತ್ತದೆ. ಕನ್ನಡಿಗೆ ತಾಗಿ ಮರಳಿ ಅದೇ ಹರಳಿನಲ್ಲಿ ಎರಡನೆಯ ಜೋಡಿಯನ್ನು ಹುಟ್ಟಿಸುತ್ತದೆ. ಎರಡನೆಯ ಜೋಡಿಯ ಒಂದು ಫೋಟಾನ್ ಸಾಗಬೇಕಾದ ಸ್ಥಿತಿಯನ್ನು ಹೊತ್ತರೆ, ಅದರ ಸಂಗಾತಿ ಜೋಡಿ ಹುಟ್ಟಿದ್ದನ್ನು ಸಾರುತ್ತದೆ. ಬೆಲ್ ಮಾಪನಕ್ಕೆ ಬಳಸಿದ್ದು ಒಂದು ಕಿರಣವಿಭಾಜಕ. ಎರಡು ಫೋಟಾನ್‌ಗಳು ಅದರ ಎರಡು ಬದಿಗಳಿಂದ ಒಂದೊಂದಾಗಿ ಹೊರಬಂದರೆ ನಾಲ್ಕರಲ್ಲಿ ಒಂದು ಫಲಿತಾಂಶ ಖಚಿತ. ಉಳಿದ ಮೂರನ್ನು ಈ ಏರ್ಪಾಡು ಬೇರ್ಪಡಿಸುತ್ತಿರಲಿಲ್ಲ. ಬಂದ ಫೋಟಾನ್‌ಗಳ ಧ್ರುವೀಕರಣ ಸ್ಫುಟತೆ, ಅಂದರೆ ಸರಿ ಮತ್ತು ತಪ್ಪು ಉತ್ತರಗಳ ಪಾಲುಗಳ ವ್ಯತ್ಯಾಸ, ಸುಮಾರು 0.70 ಇತ್ತು. ಸ್ಫುಟತೆಗೆ 1 ಕೂಡಿಸಿ ಅರ್ಧ ಮಾಡಿದರೆ ತದ್ರೂಪತೆ ಎಂಬ ಲೆಕ್ಕದಂತೆ ಇದು ಸುಮಾರು 0.85.

1998ರಲ್ಲಿ ಸ್ಯಾಮ್ಯುಯೆಲ್ ಬ್ರೌನ್‌ಸ್ಟೈನ್ ಮತ್ತು ಜೆಫ್ ಕಿಂಬಲ್ ಇದಕ್ಕೆ ಆಕ್ಷೇಪ ಎತ್ತಿದರು. ಇಂಥ ಹರಳಿನಲ್ಲಿ ಸ್ಪಂದನಕ್ಕೆ ಒಂದು ಜೋಡಿ ಹುಟ್ಟುವುದೇ ವಿರಳ. ಎರಡು ಕಡೆ ಒಂದೊಂದು ಜೋಡಿ ಹುಟ್ಟುವ ಸಂಭವವೂ, ಒಂದೇ ಕಡೆ ಎರಡು ಜೋಡಿ ಹುಟ್ಟುವ ಸಂಭವವೂ ಹೆಚ್ಚುಕಡಿಮೆ ಒಂದೇ ಪ್ರಮಾಣದವು. ಎರಡೂ ಜೋಡಿ ಆಲಿಸ್‌ಳ ಕಡೆಯೇ ಹುಟ್ಟಿದಾಗ ಮಾಪನ ಯಶಸ್ವಿಯೆಂದು ತೋರುತ್ತದೆ, ಬಾಬ್‌ನ ಕಡೆ ಮಾತ್ರ ಏನೂ ಬಂದಿರುವುದಿಲ್ಲ. ಆ ಖಾಲಿ ಯತ್ನಗಳನ್ನೂ ಲೆಕ್ಕಕ್ಕೆ ಸೇರಿಸಿದರೆ ತದ್ರೂಪತೆ 2/3ಕ್ಕಿಂತ ಕೆಳಗಿಳಿಯುತ್ತದೆ ಎಂಬುದು ಅವರ ವಾದ. ಬಾಬ್ ತನ್ನ ಫೋಟಾನನ್ನು ಪತ್ತೆಹಚ್ಚಿ ನಾಶಮಾಡಿದ ಮೇಲಷ್ಟೇ ಟೆಲಿಪೋರ್ಟೇಶನ್ ನಡೆಯಿತೆಂದು ಹೇಳಬಹುದಾದ್ದರಿಂದ ಇದು ಪಶ್ಚಾತ್ ಆಯ್ಕೆಯ ಟೆಲಿಪೋರ್ಟೇಶನ್ ಎಂದು ಅವರು ಕರೆದರು. ಫೋಟಾನ್ ಬಾರದ ಯತ್ನಗಳು ಕುಗ್ಗಿಸುವುದು ದಕ್ಷತೆಯನ್ನು, ಬಂದ ಫೋಟಾನ್‌ಗಳ ತದ್ರೂಪತೆಯನ್ನಲ್ಲ ಎಂಬುದು ಇನ್ಸ್‌ಬ್ರುಕ್ ತಂಡದ ಉತ್ತರ. ಎರಡು ಪಕ್ಷಗಳ ಗಣಿತವೂ ಸರಿಯೇ. ಭೇದವಿದ್ದದ್ದು ಛೇದದಲ್ಲಿ ಏನನ್ನು ಇಡಬೇಕೆಂಬುದರಲ್ಲಿ. ಬಂದ ಕಣಗಳನ್ನಷ್ಟೇ ಎಣಿಸುವ ಷರತ್ತುಬದ್ಧ ತದ್ರೂಪತೆ ಮತ್ತು ಎಲ್ಲ ಯತ್ನಗಳನ್ನೂ ಎಣಿಸುವ ನಿಷ್ಷರತ್ತು ತದ್ರೂಪತೆ ಎಂಬ ವಿಂಗಡಣೆ ಈ ಚರ್ಚೆಯ ನಂತರ ಕ್ಷೇತ್ರದಲ್ಲಿ ನೆಲೆಯೂರಿತು. ಖಾಲಿ ಯತ್ನಗಳನ್ನು ತಗ್ಗಿಸಿದ ಸುಧಾರಿತ ಏರ್ಪಾಡನ್ನು ಝೈಲಿಂಗರ್ ತಂಡ 2003ರಲ್ಲಿ ಪ್ರಕಟಿಸಿತು.

ರೋಮ್‌ನಲ್ಲಿ ಫ್ರಾಂಚೆಸ್ಕೊ ಡಿ ಮಾರ್ಟೀನಿ ತಂಡ 1998ರಲ್ಲಿ ಪ್ರಕಟಿಸಿದ ಪ್ರಯೋಗ ನಾಲ್ಕೂ ಫಲಿತಾಂಶಗಳನ್ನು ಬೇರ್ಪಡಿಸಿತು. ಅಲ್ಲಿ ಹೆಣಿಕೆ ಇದ್ದದ್ದು ಫೋಟಾನ್‌ಗಳ ಪಥದಲ್ಲಿ, ಸಾಗಿಸಬೇಕಾದ ಸ್ಥಿತಿ ಅದೇ ಜೋಡಿಯ ಒಂದು ಫೋಟಾನ್‌ನ ಧ್ರುವೀಕರಣದಲ್ಲಿ. ಹೊರಗಿನಿಂದ ಬಂದ ಸ್ಥಿತಿಯನ್ನು ಸಾಗಿಸಲು ಇದಕ್ಕೆ ಸಾಧ್ಯವಿರಲಿಲ್ಲ.

ನಿರಂತರ ರಾಶಿಗಳ ಟೆಲಿಪೋರ್ಟೇಶನ್

ಆಕ್ಷೇಪ ಎತ್ತಿದ ಕಿಂಬಲ್ ಮತ್ತು ಬ್ರೌನ್‌ಸ್ಟೈನ್ ಅದೇ ವರ್ಷ, ಅಕಿರಾ ಫುರುಸಾವಾ, ಯುಜೀನ್ ಪೋಲ್ಜಿಕ್ ಮೊದಲಾದವರೊಡನೆ, ಕ್ಯಾಲ್ಟೆಕ್‌ನಲ್ಲಿ ಯಾವ ಯತ್ನವನ್ನೂ ಕೈಬಿಡದ ಪ್ರಯೋಗವನ್ನು ಪ್ರಕಟಿಸಿದರು. ತದ್ರೂಪತೆ 0.58, ದೋಷವ್ಯಾಪ್ತಿ 0.02. ಸಂಗತ ಸ್ಥಿತಿಯ ಮಿತಿಯಾದ 0.5ಕ್ಕಿಂತ ಇದು ನಾಲ್ಕು ಮಾನಕ ವಿಚಲನೆಗಳಷ್ಟು ಮೇಲಿತ್ತು.

ಈ ಬಗೆಯಲ್ಲಿ ಬೆಲ್ ಮಾಪನ ಪ್ರತಿ ಬಾರಿಯೂ ನಡೆಯುತ್ತದೆ. ತದ್ರೂಪತೆಯನ್ನು ಕಟ್ಟಿಹಾಕುವುದು ಹೆಣಿಕೆಯ ಗುಣಮಟ್ಟ. ಹೆಣಿಕೆ ಬರುವುದು ಸಂಕುಚಿತ ಬೆಳಕಿನಿಂದ, ಅಂದರೆ ಒಂದು ರಾಶಿಯ ಕ್ವಾಂಟಂ ಗದ್ದಲವನ್ನು ಸಹಜ ಮಟ್ಟಕ್ಕಿಂತ ಕೆಳಗೆ ಒತ್ತಿದ ಬೆಳಕಿನಿಂದ. ಬೇರೆ ನಷ್ಟಗಳಿಲ್ಲದಿದ್ದರೆ 3 ಡೆಸಿಬೆಲ್ ಸಂಕೋಚನೆಗೆ ತದ್ರೂಪತೆ ಸರಿಸುಮಾರು 2/3, 10 ಡೆಸಿಬೆಲ್‌ಗೆ 0.91. ಮೌಲ್ಯ 1 ಆಗಬೇಕಾದರೆ ಅನಂತ ಸಂಕೋಚನೆ ಬೇಕು, ಅದಕ್ಕೆ ಅನಂತ ಶಕ್ತಿ ಬೇಕು. ಫುರುಸಾವಾ ಅವರ ಟೋಕಿಯೊ ತಂಡ 2005ರಲ್ಲಿ 0.70 ಮುಟ್ಟಿ ಪ್ರತಿಯ ಮಿತಿಯನ್ನು ದಾಟಿತು, 2008ರಲ್ಲಿ 0.83 ವರದಿ ಮಾಡಿತು. 2013ರಲ್ಲಿ ಅದೇ ತಂಡ ನಿರಂತರ ರಾಶಿಯ ಸಲಕರಣೆಯಿಂದಲೇ ಫೋಟಾನ್ ಕ್ಯೂಬಿಟ್‌ಗಳನ್ನು, ಯತ್ನಗಳನ್ನು ಆರಿಸದೆ, 2/3ರ ಮಿತಿ ಮೀರಿ ಸಾಗಿಸಿತು. ಕೋಪನ್‌ಹೇಗನ್‌ನಲ್ಲಿ ಪೋಲ್ಜಿಕ್ ತಂಡ 2006ರಲ್ಲಿ ಬೆಳಕಿನ ಸ್ಥಿತಿಯನ್ನು ಸೀಸಿಯಂ ಪರಮಾಣುಗಳ ಸಮೂಹಕ್ಕೆ ಸಾಗಿಸಿತು, ತದ್ರೂಪತೆ 0.58 ಮತ್ತು 0.60ರ ಆಸುಪಾಸು.

ಅಯಾನು, ಪರಮಾಣು ಮತ್ತು ಘನ ಪದಾರ್ಥಗಳು

ಕನ್ನಡಿ, ಕಿರಣವಿಭಾಜಕಗಳಷ್ಟನ್ನೇ ಬಳಸಿದರೆ ಎರಡು ಪ್ರತ್ಯೇಕ ಫೋಟಾನ್‌ಗಳ ಬೆಲ್ ಮಾಪನದ ಯಶಸ್ಸು ಅರ್ಧವನ್ನು ಮೀರಲಾರದು ಎಂಬುದು 1999ರಿಂದ 2001ರ ನಡುವಿನ ಪ್ರಬಂಧಗಳಲ್ಲಿ ಸಾಧಿತವಾಯಿತು. ವಿದ್ಯುತ್ ಕ್ಷೇತ್ರದಲ್ಲಿ ಸೆರೆಹಿಡಿದ ಅಯಾನುಗಳಿಗೆ ಈ ತಡೆಯಿಲ್ಲ. ಅವುಗಳ ನಡುವೆ ತರ್ಕದ್ವಾರಗಳನ್ನು ನೇರವಾಗಿ ನಡೆಸಬಹುದು. 2004ರ ಜೂನ್‌ನಲ್ಲಿ ನೇಚರ್‌ನ ಒಂದೇ ಸಂಚಿಕೆಯಲ್ಲಿ ಇಂಥ ಎರಡು ವರದಿಗಳು ಬಂದವು. ಇನ್ಸ್‌ಬ್ರುಕ್‌ನ ರೈನರ್ ಬ್ಲಾಟ್ ತಂಡ ಕ್ಯಾಲ್ಸಿಯಂ ಅಯಾನುಗಳಲ್ಲಿ ಸುಮಾರು 0.75, ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಡೇವಿಡ್ ವೈನ್‌ಲ್ಯಾಂಡ್ ತಂಡ ಬೆರಿಲಿಯಂ ಅಯಾನುಗಳಲ್ಲಿ ಸುಮಾರು 0.78 ಪಡೆದವು. ಪ್ರತಿ ಯತ್ನವೂ ಲೆಕ್ಕಕ್ಕೆ ಸೇರಿತ್ತು, ಆದರೆ ಅಯಾನುಗಳೆಲ್ಲ ಒಂದೇ ಬಲೆಯೊಳಗೆ ಇದ್ದವು.

ಬಲೆಗಳನ್ನು ಬೇರ್ಪಡಿಸಿದೊಡನೆ ದರ ಕುಸಿಯಿತು. 2009ರಲ್ಲಿ ಮೇರಿಲ್ಯಾಂಡ್‌ನ ಕ್ರಿಸ್ಟೋಫರ್ ಮನ್ರೋ ತಂಡ ಒಂದು ಮೀಟರ್ ಅಂತರದ ಎರಡು ಇಟರ್ಬಿಯಂ ಅಯಾನುಗಳ ನಡುವೆ 0.90 ಪಡೆಯಿತು. ಆದರೆ ಸರಾಸರಿ 12 ನಿಮಿಷಕ್ಕೊಮ್ಮೆ ಮಾತ್ರ ಯತ್ನ ಫಲಿಸುತ್ತಿತ್ತು. ಇದಕ್ಕೆ ಎದುರಾಗಿ ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ 2013ರ ಅತಿವಾಹಕ ಚಿಪ್‌ನಲ್ಲಿ ಸೆಕೆಂಡಿಗೆ ಸುಮಾರು 10,000 ಟೆಲಿಪೋರ್ಟೇಶನ್‌ಗಳು ನಡೆದವು. ದೂರ 6 ಮಿಲಿಮೀಟರ್. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ರೊನಾಲ್ಡ್ ಹ್ಯಾನ್ಸನ್ ತಂಡ 2014ರಲ್ಲಿ ಮೂರು ಮೀಟರ್ ಅಂತರದ ಎರಡು ವಜ್ರದ ಹರಳುಗಳ ನಡುವೆ ನಿಷ್ಷರತ್ತಾಗಿ 0.77 ಸಾಧಿಸಿತು. ಹೆಣಿಕೆ ಸಿದ್ಧವಾಯಿತೆಂಬ ಸಂಕೇತ ಬರುವವರೆಗೆ ಕಾದು, ಆಮೇಲೆ ಸ್ಥಿತಿಯನ್ನು ಕಳುಹಿಸುವುದು ಅವರ ಉಪಾಯ. ಅದೇ ಪ್ರಯೋಗಾಲಯ 2022ರಲ್ಲಿ ಮೂರು ನೆಲೆಗಳ ಜಾಲ ಕಟ್ಟಿ, ಪರಸ್ಪರ ನೇರ ಸಂಪರ್ಕವಿಲ್ಲದ ಎರಡು ತುದಿಗಳ ನಡುವೆ 0.702 ವರದಿ ಮಾಡಿತು. ದೋಷವ್ಯಾಪ್ತಿ 0.011 ಆದ್ದರಿಂದ ಮಿತಿಗಿಂತ ಮೂರು ಮಾನಕ ವಿಚಲನೆಗಳಷ್ಟೇ ಮೇಲೆ. ಎಂಟು ವರ್ಷಗಳಲ್ಲಿ ಸಂಖ್ಯೆ ಇಳಿದಂತೆ ಕಂಡರೂ ಕೆಲಸ ಹೆಚ್ಚು ಕಠಿಣವಾಗಿತ್ತು: ಮೊದಲು ಎರಡು ಹೆಣಿಕೆಗಳನ್ನು ಬೆಸೆಯಬೇಕು, ಅಷ್ಟು ಹೊತ್ತು ಸ್ಮೃತಿ ಕೆಡದಂತೆ ಉಳಿಯಬೇಕು.

ದೂರದ ಪ್ರಯೋಗಗಳು

ವಿಯೆನ್ನಾದಲ್ಲಿ 2004ರಲ್ಲಿ ಡ್ಯಾನ್ಯೂಬ್ ನದಿಯ ಎರಡು ದಡಗಳ ನಡುವೆ 600 ಮೀಟರ್ ದೂರಕ್ಕೆ ನಡೆದ ಪ್ರಯೋಗದಲ್ಲಿ ಫೋಟಾನ್ ನದಿಯಡಿಯ ಫೈಬರ್‌ನಲ್ಲಿ ಸಾಗಿತು. ಮಾಪನದ ಫಲಿತಾಂಶ ನದಿಯ ಮೇಲೆ ಮೈಕ್ರೋವೇವ್ ಆಗಿ ಹೋಯಿತು. ಗಾಜಿನೊಳಗೆ ಬೆಳಕು ನಿಧಾನ, ಹೀಗಾಗಿ ಸಂದೇಶ ಮೊದಲೇ ತಲಪಿ ತಿದ್ದುಪಡಿಗೆ ಸಮಯ ಸಿಕ್ಕಿತು. ತದ್ರೂಪತೆ 0.84ರಿಂದ 0.90. 2012ರಲ್ಲಿ ಎರಡು ತೆರೆದ ಗಾಳಿಯ ಪ್ರಯೋಗಗಳು ಬಂದವು: ಚೀನಾದ ಚಿಂಗ್‌ಹೈ ಸರೋವರದ ಮೇಲೆ 97 ಕಿಲೋಮೀಟರ್ ದೂರಕ್ಕೆ 0.804, ಕ್ಯಾನರಿ ದ್ವೀಪಗಳಾದ ಲಾ ಪಾಲ್ಮಾ ಮತ್ತು ಟೆನರೀಫ್ ನಡುವೆ 143 ಕಿಲೋಮೀಟರ್ ದೂರಕ್ಕೆ 0.8ಕ್ಕೂ ಮೇಲೆ. ಫೈಬರ್‌ನಲ್ಲಿ 2015ರಲ್ಲಿ 100 ಕಿಲೋಮೀಟರ್ ದಾಟಿ 0.837 ದೊರೆಯಿತು, ದೋಷವ್ಯಾಪ್ತಿ 0.02 ಇರುವುದರಿಂದ ಇದು 5/6ರ ಗೆರೆಯ ಮೇಲೆಯೇ ಕೂತಿದೆ.

ಅತಿ ದೂರದ ದಾಖಲೆಯನ್ನು ಬರೆದದ್ದು 2016ರ ಆಗಸ್ಟ್‌ನಲ್ಲಿ ಉಡಾವಣೆಯಾದ ಚೀನಾದ ಮಿಸಿಯಸ್ ಉಪಗ್ರಹ. ಟಿಬೆಟ್‌ನ ಎನ್‌ಗಾರಿಯಲ್ಲಿ, ಸಮುದ್ರಮಟ್ಟದಿಂದ 5,000 ಮೀಟರ್‌ಗೂ ಎತ್ತರದ ನೆಲೆಯಿಂದ ಫೋಟಾನ್‌ಗಳ ಸ್ಥಿತಿಯನ್ನು ಮೇಲಕ್ಕೆ ಸಾಗಿಸಲಾಯಿತು. ದೂರ 500ರಿಂದ 1,400 ಕಿಲೋಮೀಟರ್. ಭೂಮಿಯಿಂದ ಹೊರಟ ಕಿರಣ ಆರಂಭದಲ್ಲೇ ವಾಯುಮಂಡಲದ ತಳಮಳಕ್ಕೆ ಸಿಕ್ಕಿ ಹರಡಿಕೊಳ್ಳುವುದರಿಂದ ನಷ್ಟ 41ರಿಂದ 52 ಡೆಸಿಬೆಲ್, ಅಂದರೆ ಸುಮಾರು ಹನ್ನೆರಡು ಸಾವಿರದಿಂದ ಒಂದೂವರೆ ಲಕ್ಷದವರೆಗಿನ ಫೋಟಾನ್‌ಗಳಲ್ಲಿ ಒಂದಷ್ಟೇ ತಲಪಿತು. 32 ಪರಿಭ್ರಮಣಗಳಲ್ಲಿ ಸಿಕ್ಕ ನಾಲ್ಕು ಫೋಟಾನ್‌ಗಳ ಘಟನೆಗಳು 911. ಆರು ಸ್ಥಿತಿಗಳ ಸರಾಸರಿ ತದ್ರೂಪತೆ 0.80, ದೋಷವ್ಯಾಪ್ತಿ 0.01. ಅಭಿಜಾತ ಮಿತಿಗಿಂತ ಇದು ಬಹಳ ಮೇಲೆ, 5/6ಕ್ಕಿಂತ ಕೆಳಗೆ.

ದೂರದ ಪ್ರಯೋಗಗಳೆಲ್ಲ 0.8ರ ನೆರೆಯಲ್ಲಿ ನಿಲ್ಲುವುದು ವಿಚಿತ್ರವೆನಿಸಬಹುದು. ನಷ್ಟ ನೇರವಾಗಿ ಕುಗ್ಗಿಸುವುದು ದರವನ್ನು. ಕಳೆದುಹೋದ ಫೋಟಾನ್ ಷರತ್ತುಬದ್ಧ ಲೆಕ್ಕಕ್ಕೆ ಬರುವುದೇ ಇಲ್ಲ. ದರ ತೀರ ಇಳಿದಾಗ ಸುಳ್ಳು ಎಣಿಕೆಗಳ ಪಾಲು ಏರುತ್ತದೆ, ಆಗ ತದ್ರೂಪತೆಗೂ ಪೆಟ್ಟು ಬೀಳುತ್ತದೆ.

ದೋಷದ ಮೂಲಗಳು

ಫೋಟಾನ್ ಪ್ರಯೋಗಗಳಲ್ಲಿ ದೊಡ್ಡ ದೋಷ ಹೆಚ್ಚುವರಿ ಜೋಡಿಗಳದು. ಲೇಸರ್‌ನ ಬಲ ಹೆಚ್ಚಿಸಿದರೆ ದರ ಏರುತ್ತದೆ, ಅದರೊಂದಿಗೆ ಎರಡೆರಡು ಜೋಡಿ ಹುಟ್ಟುವ ಸಂಭವವೂ ಏರುತ್ತದೆ. ದರಕ್ಕೂ ತದ್ರೂಪತೆಗೂ ನಡುವೆ ಸದಾ ಚೌಕಾಶಿ ನಡೆಯುತ್ತಿರುತ್ತದೆ. ಬೆಲ್ ಮಾಪನಕ್ಕೆ ಸೇರುವ ಎರಡು ಫೋಟಾನ್‌ಗಳು ಸ್ಥಿತಿಯನ್ನು ಹೊತ್ತ ಗುಣವೊಂದನ್ನು ಬಿಟ್ಟು ಕಾಲ, ಬಣ್ಣ ಮೊದಲಾದ ಎಲ್ಲದರಲ್ಲೂ ಒಂದರಿಂದ ಇನ್ನೊಂದನ್ನು ಬೇರ್ಪಡಿಸಲಾಗದಂತೆ ಇರಬೇಕು. ಬೇರೆ ಬೇರೆ ಆಕರಗಳಿಂದ ಬಂದ ಫೋಟಾನ್‌ಗಳಲ್ಲಿ ಇದು ಸುಲಭವಲ್ಲ, ಏಕೆಂದರೆ ಕಿಲೋಮೀಟರ್‌ಗಟ್ಟಲೆ ಫೈಬರ್‌ನ ಉದ್ದ ಹಗಲು ರಾತ್ರಿಯ ಉಷ್ಣತೆಗೆ ಬದಲಾಗುತ್ತಿರುತ್ತದೆ. ಬೆಳಕಿಲ್ಲದೆಯೂ ಪತ್ತೆಯಂತ್ರ ಮಿಡಿಯುವ ಕತ್ತಲ ಎಣಿಕೆಗಳೂ ಇದಕ್ಕೆ ಸೇರುತ್ತವೆ. ಅಯಾನು ಮತ್ತು ಘನಸ್ಥಿತಿಯಲ್ಲಾದರೆ ದ್ವಾರಗಳ ದೋಷ, ಓದುವಿಕೆಯ ದೋಷ ಹಾಗೂ ಕಾಯುವಾಗ ಸ್ಮೃತಿ ಮಾಸುವುದು ಮುಖ್ಯ.

ಉಪಯೋಗಗಳು

ಕ್ವಾಂಟಂ ಪುನರಾವರ್ತಕಗಳು ದೀರ್ಘ ದಾರಿಯನ್ನು ತುಂಡುಗಳಾಗಿ ಒಡೆದು, ಹೆಣಿಕೆಯನ್ನೇ ಟೆಲಿಪೋರ್ಟ್ ಮಾಡಿ ಬೆಸೆಯುತ್ತವೆ. ಪ್ರತಿ ಬೆಸುಗೆಯಲ್ಲೂ ದೋಷ ಗುಣಿಸುವುದರಿಂದ ಪ್ರತಿ ತುಂಡಿನ ತದ್ರೂಪತೆ ಎತ್ತರದಲ್ಲಿರಬೇಕು. ಟೆಲಿಪೋರ್ಟೇಶನ್ ಮೂಲಕವೇ ತರ್ಕದ್ವಾರಗಳನ್ನು ನಡೆಸಬಹುದೆಂದು 1999ರಲ್ಲಿ ಡೇನಿಯಲ್ ಗಾಟ್ಸ್‌ಮನ್ ಮತ್ತು ಐಸಾಕ್ ಚುಆಂಗ್ ತೋರಿಸಿದರು. ಗಣನೆಯಲ್ಲಿ 2/3 ದಾಟಿದರಷ್ಟೇ ಸಾಲದು: ಹೆಚ್ಚು ಬಳಕೆಯಲ್ಲಿರುವ ದೋಷತಿದ್ದು ಸಂಕೇತಗಳಿಗೆ ಪ್ರತಿ ಕ್ರಿಯೆಯ ದೋಷ ಸುಮಾರು ಶೇ. 1ಕ್ಕಿಂತ ಕಡಿಮೆಯಿರಬೇಕು.

ಇಂದಿನ ಸ್ಥಿತಿ

ಹೆಚ್ಚು ಮಟ್ಟಗಳ ಸ್ಥಿತಿಗಳಲ್ಲಿ, 2019ರಲ್ಲಿ ಕ್ಯೂಟ್ರಿಟ್ ಒಂದನ್ನು 0.75 ತದ್ರೂಪತೆಯಿಂದ ಸಾಗಿಸಿದ ವರದಿ ಬಂತು. ಅಲ್ಲಿ ಅಭಿಜಾತ ಮಿತಿ 0.5. ಜರ್ಮನಿಯ ಗಾರ್ಕಿಂಗ್‌ನಲ್ಲಿ ಗೆರ್ಹಾರ್ಡ್ ರೆಂಪೆ ತಂಡ 2021ರಲ್ಲಿ 60 ಮೀಟರ್ ಫೈಬರ್‌ನಿಂದ ಕೂಡಿಸಿದ ಪರಮಾಣುಗಳ ನಡುವೆ 0.88 ಪಡೆಯಿತು. 2024ರಲ್ಲಿ ಕ್ವಾಂಟಿನ್ಯುಯಂ ಸಂಸ್ಥೆ, ಹಲವು ಅಯಾನುಗಳಲ್ಲಿ ಹಂಚಿ ಕಾಪಾಡಿದ ತಾರ್ಕಿಕ ಕ್ಯೂಬಿಟ್ ಒಂದನ್ನು 0.975 ಪ್ರಕ್ರಿಯಾ ತದ್ರೂಪತೆಯಿಂದ ಸಾಗಿಸಿತು. ಇದು ಸರಾಸರಿ ತದ್ರೂಪತೆಯಲ್ಲಿ ಸುಮಾರು 0.983. ಅಂತರ ಇಲ್ಲಿ ಒಂದೇ ಯಂತ್ರದೊಳಗಿನದು. ಅದೇ ವರ್ಷ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪ್ರೇಮ್ ಕುಮಾರ್ ತಂಡ, ಸೆಕೆಂಡಿಗೆ 400 ಗಿಗಾಬಿಟ್ ಸಾಮಾನ್ಯ ದತ್ತಾಂಶ ಹರಿಯುತ್ತಿದ್ದ 30 ಕಿಲೋಮೀಟರ್ ಫೈಬರ್‌ನಲ್ಲೇ ಟೆಲಿಪೋರ್ಟೇಶನ್ ನಡೆಸಿತು. ಆಕ್ಸ್‌ಫರ್ಡ್‌ನಲ್ಲಿ ಸುಮಾರು ಎರಡು ಮೀಟರ್ ಅಂತರದ ಎರಡು ಅಯಾನು ಬಲೆಗಳ ನಡುವೆ ತರ್ಕದ್ವಾರವೊಂದನ್ನು ಟೆಲಿಪೋರ್ಟ್ ಮಾಡಿದ ವರದಿ 2025ರಲ್ಲಿ ಬಂತು; ದ್ವಾರದ ತದ್ರೂಪತೆ ಶೇ. 86.

ಭಾರತದಲ್ಲಿ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ನ ಗುರಿಗಳಲ್ಲಿ 2,000 ಕಿಲೋಮೀಟರ್ ವ್ಯಾಪ್ತಿಯ ಉಪಗ್ರಹ ಸಂವಹನವೂ ಕ್ವಾಂಟಂ ಸ್ಮೃತಿಗಳಿರುವ ಬಹುನೆಲೆ ಜಾಲವೂ ಸೇರಿವೆ. ಮಿಷನ್‌ನ ಗಣನಾ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಹೆಣೆದ ಫೋಟಾನ್ ಆಕರಗಳ ಮೇಲೆ ಕೆಲಸ ಮಾಡುತ್ತಿದ್ದು, ಇಸ್ರೊ ಸಹಯೋಗದಲ್ಲಿ ಉಪಗ್ರಹ ಆಧಾರಿತ ಕ್ವಾಂಟಂ ಕೀಲಿ ಹಂಚಿಕೆಗೆ ಬೇಕಾದ ತಂತ್ರಜ್ಞಾನವನ್ನು ಬೆಳೆಸುತ್ತಿದೆ.